ನಡುದಾರಿಯಲ್ಲಿ ಬದಲಾಗುವ ಕಾರ್ಯಕ್ರಮವನ್ನು ಮೌಲ್ಯಮಾಪನ ಮಾಡುವುದು ಹೇಗೆ? ‘ಬಾಲಸಖಿ’ಯಿಂದ ಕಲಿಯಬೇಕಾದ ಪಾಠಗಳು

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳು ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಪರಿಹಾರ ಬೋಧನೆಯ ಒಂದು ಚಿಕ್ಕ ಕಾರ್ಯಕ್ರಮವನ್ನು ನಡೆಸಿ ವರದಿ ಬರೆಯುವುದು ವಾಡಿಕೆ. ಆ ವರದಿಯ ಚೌಕಟ್ಟು ಬಹುಮಟ್ಟಿಗೆ ಒಂದೇ ತೆರನಾದುದು: ಪೂರ್ವ ಪರೀಕ್ಷೆ, ನಾಲ್ಕು ವಾರಗಳ ಬೋಧನೆ, ಉತ್ತರ ಪರೀಕ್ಷೆ, ಎರಡು ಸರಾಸರಿಗಳ ಹೋಲಿಕೆ, ಕೊನೆಗೆ ‘ಕಾರ್ಯಕ್ರಮವು ಪರಿಣಾಮಕಾರಿಯಾಗಿದೆ’ ಎಂಬ ಒಂದು ವಾಕ್ಯ.

ಆದರೆ ಶಾಲೆ ವರದಿಯ ಚೌಕಟ್ಟಿನಂತೆ ನಡೆಯುವುದಿಲ್ಲ. ಎರಡನೆಯ ವಾರಕ್ಕೆ ಪ್ರತಿಭಾ ಕಾರಂಜಿಯ ತಯಾರಿ ಶುರುವಾಗುತ್ತದೆ. ಮುಖ್ಯ ಶಿಕ್ಷಕರು ಕೊನೆಯ ಅವಧಿಯನ್ನು ತೆಗೆದುಕೊಂಡು ಅದರ ಬದಲು ಬೆಳಗ್ಗೆ ಅರ್ಧ ಗಂಟೆ ಕೊಡುತ್ತಾರೆ. ಸುಗ್ಗಿಯ ಕೆಲಸವೆಂದು ಮೂವರು ಮಕ್ಕಳು ಬರುವುದಿಲ್ಲ. ಮಿಂಚುಪಟ್ಟಿಗಳಿಂದ ಪ್ರಯೋಜನವಾಗಲಿಲ್ಲವೆಂದು ಪ್ರಶಿಕ್ಷಣಾರ್ಥಿಯೇ ವಿಧಾನವನ್ನು ಬದಲಿಸುತ್ತಾರೆ. ನಾಲ್ಕನೆಯ ವಾರ ನಾವು ಅಳೆಯುವುದು ಮೊದಲ ವಾರ ಯೋಜಿಸಿದ ಕಾರ್ಯಕ್ರಮವನ್ನಲ್ಲ, ಅದರ ಜಾಗದಲ್ಲಿ ಬೆಳೆದುನಿಂತ ಬೇರೊಂದನ್ನು. ವರದಿಯಲ್ಲಿ ಮಾತ್ರ ಇದಾವುದೂ ಕಾಣುವುದಿಲ್ಲ.

ಇದು ನಮ್ಮ ಪ್ರಶಿಕ್ಷಣಾರ್ಥಿಗಳ ತೊಂದರೆ ಮಾತ್ರವಲ್ಲ. ಕಾರ್ಯಕ್ರಮ ಮೌಲ್ಯಮಾಪನ ಎಂಬ ಇಡೀ ಶಾಸ್ತ್ರ ಕಳೆದ ಕೆಲವು ದಶಕಗಳಿಂದ ಇದೇ ಪ್ರಶ್ನೆಯನ್ನು ಎದುರಿಸುತ್ತಿದೆ: ಕಾರ್ಯಕ್ರಮವೇ ಬದಲಾಗುತ್ತಿರುವಾಗ, ಸುತ್ತಲಿನ ಪರಿಸ್ಥಿತಿಯೂ ಬದಲಾಗುತ್ತಿರುವಾಗ, ಅದರ ಬೆಲೆಯನ್ನು ಹೇಗೆ ಕಟ್ಟುವುದು? ಈ ಪ್ರಶ್ನೆಗೆ ಶಾಸ್ತ್ರ ಕಂಡುಕೊಂಡ ಉತ್ತರಗಳನ್ನು ಭಾರತದ ಪ್ರಾಥಮಿಕ ಶಾಲೆಗಳಲ್ಲೇ ನಡೆದ ಒಂದು ಉದಾಹರಣೆಯ ಮೂಲಕ ಪರಿಶೀಲಿಸಿ, ಅವನ್ನು ಬೋಧನಾಭ್ಯಾಸದ ವರದಿಗೆ ಅಳವಡಿಸುವ ಬಗೆಯನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಈ ಲೇಖನವನ್ನು ಓದಿದ ನಂತರ ಪ್ರಶಿಕ್ಷಣಾರ್ಥಿಗಳು:
1. ವಿದ್ಯಾರ್ಥಿ ಮೌಲ್ಯಮಾಪನಕ್ಕೂ ಕಾರ್ಯಕ್ರಮ ಮೌಲ್ಯಮಾಪನಕ್ಕೂ ಇರುವ ವ್ಯತ್ಯಾಸವನ್ನು ಹೇಳುವರು.
2. ಕಾರ್ಯಕ್ರಮ ಮೌಲ್ಯಮಾಪನದ ಪ್ರಶ್ನೆಗಳು ಕಾಲಕ್ರಮದಲ್ಲಿ ಹೇಗೆ ಬದಲಾದವೆಂಬುದನ್ನು ಉದಾಹರಣೆಯೊಡನೆ ವಿವರಿಸುವರು.
3. ನಡುವೆ ಬದಲಾದ ಕಾರ್ಯಕ್ರಮವೊಂದರ ಪ್ರಾಮಾಣಿಕ ಮೌಲ್ಯಮಾಪನ ದಾಖಲೆಯನ್ನು ಸಿದ್ಧಪಡಿಸುವರು.

1. ಕಾರ್ಯಕ್ರಮ ಮೌಲ್ಯಮಾಪನ ಎಂದರೇನು?

‘ಈ ಮಗು ಎಷ್ಟು ಕಲಿತಿದೆ?’ ಎಂದು ಕೇಳಿದರೆ ಅದು ವಿದ್ಯಾರ್ಥಿಯ ಮೌಲ್ಯಮಾಪನ. ‘ನಾವು ಮಾಡಿದ ಕೆಲಸದಿಂದ ಈ ಮಗು ಕಲಿತಿತೇ? ಮಾಡದಿದ್ದರೂ ಇಷ್ಟು ಕಲಿಯುತ್ತಿತ್ತೇ? ಮಾಡಿದ್ದರಲ್ಲಿ ಯಾವ ಅಂಶ ಉಪಯೋಗವಾಯಿತು, ಯಾರಿಗೆ ಆಗಲಿಲ್ಲ?’ ಎಂದು ಕೇಳಿದರೆ ಅದು ಕಾರ್ಯಕ್ರಮದ ಮೌಲ್ಯಮಾಪನ. ಮೊದಲನೆಯದರಲ್ಲಿ ಪರೀಕ್ಷೆಗೆ ಒಳಗಾಗುವುದು ಮಗು. ಎರಡನೆಯದರಲ್ಲಿ ನಾವು. ಉತ್ತರ ಪರೀಕ್ಷೆಯ ಅಂಕಗಳು ಎರಡಕ್ಕೂ ಬೇಕು. ಆದರೆ ಎರಡನೆಯದಕ್ಕೆ ಅಂಕಗಳಷ್ಟೇ ಸಾಲವು.

2. ಪ್ರಶ್ನೆಗಳು ಬದಲಾದ ಬಗೆ

ಶಿಕ್ಷಣದಲ್ಲಿ ಈ ಕೆಲಸಕ್ಕೆ ಒಂದು ಕ್ರಮವನ್ನು ತಂದವರು ಅಮೆರಿಕದ ರಾಲ್ಫ್ ಟೈಲರ್. 1930ರ ದಶಕದಲ್ಲಿ ಅಲ್ಲಿನ 30 ಪ್ರೌಢಶಾಲೆಗಳಲ್ಲಿ ನಡೆದ ‘ಎಂಟು ವರ್ಷಗಳ ಅಧ್ಯಯನ’ದಲ್ಲಿ ಮೌಲ್ಯಮಾಪನದ ಹೊಣೆ ಅವರದಾಗಿತ್ತು. 1949ರ ತಮ್ಮ ಪುಸ್ತಕದಲ್ಲಿ ಅವರು ನೀಡಿದ ಕ್ರಮ ಇಂದಿಗೂ ನಮ್ಮ ಪಾಠಯೋಜನೆಯ ಬೆನ್ನೆಲುಬು: ಉದ್ದೇಶವನ್ನು ನಿರ್ಧರಿಸು, ಕಲಿಕಾನುಭವಗಳನ್ನು ಆರಿಸು, ಅವನ್ನು ಸಂಘಟಿಸು, ಉದ್ದೇಶ ಈಡೇರಿತೇ ಎಂದು ನೋಡು. ಇಲ್ಲಿ ಮೌಲ್ಯಮಾಪನ ಬರುವುದು ಕೊನೆಯಲ್ಲಿ, ಉದ್ದೇಶದ ಅಳತೆಗೋಲಿನಿಂದ.

1965ರಲ್ಲಿ ಅಮೆರಿಕದ ಸಂಯುಕ್ತ ಸರ್ಕಾರ ಬಡ ಮಕ್ಕಳ ಶಿಕ್ಷಣಕ್ಕೆ ದೊಡ್ಡ ಮೊತ್ತದ ನೆರವು ನೀಡುವ ಕಾನೂನು ತಂದಾಗ, ಹಣ ಪಡೆದವರು ಮೌಲ್ಯಮಾಪನ ಮಾಡಿಸಲೇಬೇಕೆಂಬ ಷರತ್ತೂ ಅದರಲ್ಲಿತ್ತು. ಆಗ ಕೊನೆಯ ಪರೀಕ್ಷೆಯೊಂದೇ ಸಾಲದೆಂಬುದು ಅನೇಕರ ಗಮನಕ್ಕೆ ಬಂತು. 1967ರಲ್ಲಿ ಮೈಕೆಲ್ ಸ್ಕ್ರಿವೆನ್ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನಗಳೆಂಬ ವಿಂಗಡಣೆ ಮಾಡಿದರು. ಈ ಎರಡು ಪದಗಳನ್ನು ನಾವು ಈಗ ಮಕ್ಕಳ ಪರೀಕ್ಷೆಗಳಿಗೆ ಬಳಸುತ್ತೇವೆ, ಆದರೆ ಅವು ಹುಟ್ಟಿದ್ದು ಪಠ್ಯಕ್ರಮ ಮತ್ತು ಕಾರ್ಯಕ್ರಮಗಳನ್ನು ತೂಗುವ ಚರ್ಚೆಯಲ್ಲಿ. ಅದೇ ಕಾಲದಲ್ಲಿ ಡೇನಿಯಲ್ ಸ್ಟಫಲ್‌ಬೀಮ್ ಸನ್ನಿವೇಶ, ಹೂಡಿಕೆ, ಪ್ರಕ್ರಿಯೆ, ಉತ್ಪನ್ನ ಎಂಬ ನಾಲ್ಕು ಹಂತಗಳಲ್ಲಿ ಕಾರ್ಯಕ್ರಮವನ್ನು ನೋಡುವ ಮಾದರಿಯನ್ನು ರೂಪಿಸಿದರು.

ಭಾರತ ಈ ಕ್ಷೇತ್ರಕ್ಕೆ ತಡವಾಗಿ ಬಂದ ದೇಶವಲ್ಲ. ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ 1952ರಲ್ಲೇ ಯೋಜನಾ ಆಯೋಗದ ಅಡಿಯಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ ಹುಟ್ಟಿತು. 2015ರಲ್ಲಿ ಅದು ನೀತಿ ಆಯೋಗದ ಅಭಿವೃದ್ಧಿ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಕಚೇರಿಯಲ್ಲಿ ಸೇರಿಹೋಯಿತು. ನಮ್ಮ ರಾಜ್ಯದಲ್ಲಿ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಸ್ಥಾಪನೆಯಾಯಿತು.

ಇಲ್ಲಿಯವರೆಗಿನ ಎಲ್ಲ ಮಾದರಿಗಳಲ್ಲೂ ಒಂದು ಊಹೆ ಅಡಗಿದೆ: ಕಾರ್ಯಕ್ರಮ ಎಂಬುದು ಒಂದು ನಿಶ್ಚಿತ ವಸ್ತು, ಅದನ್ನು ಹಿಡಿದು ಅಳೆಯಬಹುದು. ಈ ಊಹೆ ಸಡಿಲವಾದ ಬಗೆಯನ್ನು ಮುಂದಿನ ಉದಾಹರಣೆಯಲ್ಲಿ ಕಾಣಬಹುದು.

3. ಒಂದು ಕಾರ್ಯಕ್ರಮ, ಹಲವು ರೂಪಗಳು

ಮೊದಲ ರೂಪ: ಬಾಲಸಖಿ. ಮುಂಬೈ ಮತ್ತು ವಡೋದರದ ನಗರಪಾಲಿಕೆ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ನಡೆಸಿದ ಕಾರ್ಯಕ್ರಮವಿದು. ಅದೇ ಬಡಾವಣೆಯ, ಪ್ರೌಢಶಾಲೆಯವರೆಗೆ ಓದಿದ ಯುವತಿಯೊಬ್ಬರಿಗೆ ಸುಮಾರು ಎರಡು ವಾರ ತರಬೇತಿ ಕೊಟ್ಟು ಬಾಲಸಖಿಯಾಗಿ ನೇಮಿಸುತ್ತಿದ್ದರು. ಮೂರು ಮತ್ತು ನಾಲ್ಕನೆಯ ತರಗತಿಗಳಲ್ಲಿ ಮೂಲ ಓದು, ಲೆಕ್ಕ ಬಾರದ 15ರಿಂದ 20 ಮಕ್ಕಳನ್ನು ಅವರು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ ಕಲಿಸುತ್ತಿದ್ದರು.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2001ರಿಂದ ಇದರ ಮೌಲ್ಯಮಾಪನ ನಡೆಸಿದರು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಶಾಲೆಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ವಡೋದರದಲ್ಲಿ ಒಂದು ಗುಂಪಿನ ಶಾಲೆಗಳಿಗೆ ಮೂರನೆಯ ತರಗತಿಯಲ್ಲೂ ಇನ್ನೊಂದು ಗುಂಪಿಗೆ ನಾಲ್ಕನೆಯ ತರಗತಿಯಲ್ಲೂ ಬಾಲಸಖಿ ಸಿಕ್ಕರು, ಮರುವರ್ಷ ಅದಲುಬದಲಾಯಿತು. ಹೀಗೆ ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ, ಆದರೂ ಪ್ರತಿ ತರಗತಿಗೂ ಹೋಲಿಕೆಗೆ ಒಂದು ಗುಂಪು ಸಿಕ್ಕಿತು.

ಫಲಿತಾಂಶ: ಮೊದಲ ವರ್ಷ ಅಂಕಗಳು 0.14 ಮಾನಕ ವಿಚಲನೆಯಷ್ಟು, ಎರಡನೆಯ ವರ್ಷ 0.28ರಷ್ಟು ಹೆಚ್ಚಿದವು. ನೂರು ಮಕ್ಕಳನ್ನು ಅಂಕಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, 0.28 ಎಂದರೆ ಸರಿಯಾಗಿ ನಡುವೆ ನಿಂತಿದ್ದ ಮಗು ಸುಮಾರು 11 ಸ್ಥಾನ ಮುಂದೆ ಬಂದಂತೆ. ಈ ಲಾಭ ದೊರೆತದ್ದು ಬಾಲಸಖಿಯ ಬಳಿಗೆ ಹೋದ ಮಕ್ಕಳಿಗೆ. ತರಗತಿಯಲ್ಲೇ ಉಳಿದ ಮಕ್ಕಳಿಗೆ, ಅವರ ತರಗತಿ ಚಿಕ್ಕದಾಗಿದ್ದರೂ, ಲಾಭ ಕಾಣಲಿಲ್ಲ. ಅಂದರೆ ಕೆಲಸ ಮಾಡಿದ್ದು ಮಕ್ಕಳ ಸಂಖ್ಯೆ ಕಡಿಮೆಯಾದದ್ದಲ್ಲ, ಮಗುವಿನ ಮಟ್ಟದಿಂದ ಕಲಿಸತೊಡಗಿದ್ದು. ಆದರೆ ಕಾರ್ಯಕ್ರಮ ಮುಗಿದ ಒಂದು ವರ್ಷದ ನಂತರ ನೋಡಿದಾಗ ಲಾಭ ಸುಮಾರು 0.10ಕ್ಕೆ ಇಳಿದಿತ್ತು. ಉತ್ತರ ಪರೀಕ್ಷೆಯೊಂದಿಗೆ ಅಧ್ಯಯನ ನಿಂತಿದ್ದರೆ ಈ ಕೊನೆಯ ಸಂಗತಿ ತಿಳಿಯುತ್ತಲೇ ಇರಲಿಲ್ಲ.

ಎರಡನೆಯ ರೂಪ: ಹಳ್ಳಿಯ ಸ್ವಯಂಸೇವಕರು. ನಗರದಲ್ಲಿ ಫಲ ಕೊಟ್ಟದ್ದು ಹಳ್ಳಿಯಲ್ಲೂ ಕೊಡುತ್ತದೆಯೇ? 2005–06ರಲ್ಲಿ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಮೂರು ಬಗೆಯ ಪ್ರಯತ್ನಗಳನ್ನು ಪರೀಕ್ಷಿಸಲಾಯಿತು. ಗ್ರಾಮ ಶಿಕ್ಷಣ ಸಮಿತಿಯ ಬಗ್ಗೆ ಜನರಿಗೆ ಮಾಹಿತಿ ನೀಡುವುದು, ಮಕ್ಕಳ ಓದಿನ ಮಟ್ಟವನ್ನು ತಾವೇ ಪರೀಕ್ಷಿಸಲು ಊರವರಿಗೆ ಕಲಿಸುವುದು, ಇವೆರಡರಿಂದ ಮಕ್ಕಳ ಓದಿನಲ್ಲಿ ಬದಲಾವಣೆ ಆಗಲಿಲ್ಲ. ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಶಾಲೆಯ ಹೊರಗೆ ಓದುವ ತರಗತಿ ನಡೆಸಿದ ಮೂರನೆಯ ಪ್ರಯತ್ನದಲ್ಲಿ ಓದು ಸುಧಾರಿಸಿತು. ಆದರೆ ಆ ತರಗತಿಗಳಿಗೆ ಬಂದ ಮಕ್ಕಳು ನೂರಕ್ಕೆ ಸುಮಾರು ಎಂಟು ಮಂದಿ ಮಾತ್ರ. ವಿಧಾನ ಸರಿಯಿತ್ತು, ಅದು ಮಕ್ಕಳನ್ನು ಮುಟ್ಟುವ ದಾರಿ ಸರಿಯಿರಲಿಲ್ಲ. ಶಾಲೆಯನ್ನು ಬಿಟ್ಟು ಎಲ್ಲ ಮಕ್ಕಳನ್ನು ತಲುಪಲಾಗದು ಎಂಬುದು ಇದರಿಂದ ಸ್ಪಷ್ಟವಾಯಿತು.

ಮೂರನೆಯ ರೂಪ: ಸರ್ಕಾರಿ ಶಾಲೆಯ ಒಳಗೆ. 2008ರಿಂದ ಬಿಹಾರ ಮತ್ತು ಉತ್ತರಾಖಂಡಗಳಲ್ಲಿ ಸರ್ಕಾರಿ ಶಿಕ್ಷಕರ ಮೂಲಕ ಇದೇ ವಿಧಾನವನ್ನು ತರಲು ಯತ್ನಿಸಲಾಯಿತು. ಬಿಹಾರದ ಬೇಸಿಗೆ ಶಿಬಿರಗಳಲ್ಲಿ ಶಿಕ್ಷಕರು ಕಲಿಸಿದಾಗ ಓದು ಸುಧಾರಿಸಿತು. ಶಾಲಾ ವರ್ಷದಲ್ಲಿ ಸಾಮಗ್ರಿ ಕೊಟ್ಟು ಶಿಕ್ಷಕರಿಗೆ ತರಬೇತಿ ನೀಡಿದಾಗ ಹಾಗೆ ಆಗಲಿಲ್ಲ. ಉತ್ತರಾಖಂಡದಲ್ಲಿ ಸ್ವಯಂಸೇವಕರನ್ನು ಕೊಟ್ಟರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಶಾಲೆಗಳು ಅವರನ್ನು ಸಾಮಾನ್ಯ ತರಗತಿಗಳ ಪಾಠಕ್ಕೇ ಬಳಸಿಕೊಂಡವು.

ಇಲ್ಲಿ ಪರೀಕ್ಷೆಯ ಅಂಕಗಳಿಂದಷ್ಟೇ ಏನೂ ತಿಳಿಯುತ್ತಿರಲಿಲ್ಲ. ಶಾಲೆಗಳಿಗೆ ಹೋಗಿ, ತರಗತಿಯಲ್ಲಿ ಕುಳಿತು, ಶಿಕ್ಷಕರೊಡನೆ ಮಾತನಾಡಿದಾಗ ಕಾರಣ ಗೊತ್ತಾಯಿತು. ಶಿಕ್ಷಕರಿಗೆ ಕಲಿಸಲು ಬಾರದೆಂದಲ್ಲ. ಬೇಸಿಗೆ ಶಿಬಿರ ಅದನ್ನು ತೋರಿಸಿತ್ತು. ಶಾಲಾ ವರ್ಷದಲ್ಲಿ ಪಠ್ಯಪುಸ್ತಕ ಮುಗಿಸುವ ಒತ್ತಡದ ನಡುವೆ ಮಕ್ಕಳನ್ನು ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸಲು ಅವರಿಗೆ ಸಮಯವೂ ಇರಲಿಲ್ಲ, ಅನುಮತಿ ಇದೆಯೆಂಬ ಭರವಸೆಯೂ ಇರಲಿಲ್ಲ. ಸಾಮಗ್ರಿ ಬಂತು, ಗುಂಪು ರಚನೆ ಬರಲಿಲ್ಲ.

ನಾಲ್ಕನೆಯ ರೂಪ: ನಿಗದಿಯಾದ ಒಂದು ಗಂಟೆ. ಹರಿಯಾಣದಲ್ಲಿ 2012–13ರಲ್ಲಿ ಈ ಅರಿವಿನ ಮೇಲೆ ಕಾರ್ಯಕ್ರಮವನ್ನು ಮತ್ತೆ ಕಟ್ಟಿದರು. ದಿನಕ್ಕೆ ಒಂದು ಗಂಟೆಯನ್ನು ಇದಕ್ಕೆಂದೇ ವೇಳಾಪಟ್ಟಿಯಲ್ಲಿ ಮೀಸಲಿಟ್ಟರು. ಆ ಗಂಟೆಯಲ್ಲಿ ಮಕ್ಕಳು ತರಗತಿಯ ಪ್ರಕಾರವಲ್ಲ, ಓದಿನ ಮಟ್ಟದ ಪ್ರಕಾರ ಕೂತರು. ನಮ್ಮ ಸಿ.ಆರ್.ಪಿ.ಗಳಂತೆ ಶಾಲೆಗಳಿಗೆ ಭೇಟಿ ಕೊಡುವ ಬ್ಲಾಕ್ ಮಟ್ಟದ ಸಂಪನ್ಮೂಲ ಸಿಬ್ಬಂದಿಗೆ ಮೊದಲು ಈ ವಿಧಾನದಲ್ಲಿ ತರಬೇತಿ ಕೊಟ್ಟು, ಅವರಿಂದ ಶಿಕ್ಷಕರಿಗೆ ನೆರವು ಕೊಡಿಸಿದರು. ಹಿಂದಿ ಓದಿನಲ್ಲಿ 0.15 ಮಾನಕ ವಿಚಲನೆಯಷ್ಟು ಸುಧಾರಣೆ ಕಂಡಿತು.

ಐದನೆಯ ರೂಪ: ಶಾಲೆಯೊಳಗಿನ ಶಿಬಿರ. ಶಿಕ್ಷಕರ ಕೊರತೆಯಿರುವ ಉತ್ತರ ಪ್ರದೇಶದ ಶಾಲೆಗಳಲ್ಲಿ 2013–14ರಲ್ಲಿ ಪ್ರಥಮ್ ಸಿಬ್ಬಂದಿಯೇ ಸ್ವಯಂಸೇವಕರ ನೆರವಿನಿಂದ ಶಾಲಾ ಅವಧಿಯಲ್ಲಿ 10 ಅಥವಾ 20 ದಿನಗಳ ಶಿಬಿರಗಳನ್ನು ನಡೆಸಿದರು. ಇಲ್ಲಿ ಲಾಭ 0.6ರಿಂದ 0.7 ಮಾನಕ ವಿಚಲನೆ.

ಈ ವಿಧಾನದ ಮೂಲ ತತ್ವ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲೂ ಮಗು ತನ್ನ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ನಾಲ್ಕು ಮತ್ತು ಐದನೆಯ ತರಗತಿಗಳ ‘ಓದು ಕರ್ನಾಟಕ’ದಲ್ಲೂ ಮಕ್ಕಳನ್ನು ಓದಿನ ಮಟ್ಟದ ಪ್ರಕಾರ ಗುಂಪು ಮಾಡಲಾಗುತ್ತದೆ.

4. ಮೌಲ್ಯಮಾಪನದಲ್ಲಿ ಏನು ಬದಲಾಯಿತು?

ಮೇಲಿನ ಐದು ರೂಪಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಾಲ್ಕು ಬದಲಾವಣೆಗಳು ಕಾಣುತ್ತವೆ.

(ಅ) ತೀರ್ಪಿನಿಂದ ಕಾರಣದ ಕಡೆಗೆ. ‘ಕಾರ್ಯಕ್ರಮ ಫಲಿಸಿತೇ?’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಿದ್ದರೆ 2008–10ರ ಉತ್ತರಾಖಂಡದ ಫಲಿತಾಂಶದೊಂದಿಗೆ ಕತೆ ಮುಗಿಯುತ್ತಿತ್ತು. ಬ್ರಿಟನ್ನಿನ ರೇ ಪಾಸನ್ ಮತ್ತು ನಿಕ್ ಟಿಲ್ಲಿ 1997ರಲ್ಲೇ ಪ್ರಶ್ನೆಯನ್ನು ಹೀಗೆ ವಿಸ್ತರಿಸಿದ್ದರು: ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಕಾರಣದಿಂದ ಫಲಿಸುತ್ತದೆ? ಬೇಸಿಗೆಯಲ್ಲಿ ಫಲಿಸಿದ್ದು ಶಾಲಾ ವರ್ಷದಲ್ಲಿ ಫಲಿಸದಿರುವುದು ಸಂದರ್ಭದ ಪ್ರಶ್ನೆ.

(ಆ) ಅಂಕದ ಜೊತೆಗೆ ತರಗತಿಯ ವೀಕ್ಷಣೆ. ಕಾರ್ಯಕ್ರಮ ಕಾಗದದ ಮೇಲೆ ಇದ್ದಂತೆ ತರಗತಿಯಲ್ಲಿ ನಡೆಯಿತೇ ಎಂದು ನೋಡದೆ, ಅದು ವಿಫಲವಾಯಿತು ಎಂದು ಹೇಳುವಂತಿಲ್ಲ. ನಡೆಯದೇ ಇದ್ದದ್ದು ವಿಫಲವಾಗಲು ಸಾಧ್ಯವಿಲ್ಲ.

(ಇ) ಕಾರ್ಯಕ್ರಮದ ಜೊತೆಗೆ ಸಾಗುವ ಮೌಲ್ಯಮಾಪನ. ಅಮೆರಿಕದ ಮೈಕೆಲ್ ಕ್ವಿನ್ ಪ್ಯಾಟನ್ ಮಿನ್ನೆಸೋಟದ ಗ್ರಾಮೀಣ ನಾಯಕತ್ವ ತರಬೇತಿ ಕಾರ್ಯಕ್ರಮವೊಂದರಲ್ಲಿ ಕೆಲಸ ಮಾಡುವಾಗ, ಅದನ್ನು ನಡೆಸುವವರು ತಮ್ಮ ಕಾರ್ಯಕ್ರಮ ಯಾವತ್ತೂ ಅಂತಿಮ ರೂಪಕ್ಕೆ ಬರುವುದಿಲ್ಲ, ಪರಿಸ್ಥಿತಿಯೊಡನೆ ಬದಲಾಗುತ್ತಲೇ ಇರುತ್ತದೆ ಎಂದು ವಾದಿಸಿದರು. ಇದರಿಂದ ಪ್ಯಾಟನ್ ರೂಪಣಾತ್ಮಕವೂ ಅಲ್ಲದ, ಸಂಕಲನಾತ್ಮಕವೂ ಅಲ್ಲದ ಮೂರನೆಯ ಬಗೆಯೊಂದನ್ನು ಯೋಚಿಸಿದರು. ಅದರ ಬಗ್ಗೆ 2010ರಲ್ಲಿ ಪುಸ್ತಕ ಬರೆದರು. ವಿಕಾಸಾತ್ಮಕ ಮೌಲ್ಯಮಾಪನ ಎಂದು ನಾವದನ್ನು ಕರೆಯಬಹುದು. ಇಲ್ಲಿ ಮೌಲ್ಯಮಾಪಕರು ಹೊರಗಿನಿಂದ ಬಂದು ತೀರ್ಪು ಕೊಟ್ಟು ಹೋಗುವುದಿಲ್ಲ. ತಂಡದ ಜೊತೆಗಿದ್ದು ಪ್ರತಿ ಬದಲಾವಣೆಯನ್ನೂ ಅದರ ಪರಿಣಾಮವನ್ನೂ ದಾಖಲಿಸುತ್ತಾರೆ. ಕಾರ್ಯಕ್ರಮ ಒಂದು ಸ್ಥಿರ ರೂಪಕ್ಕೆ ಬಂದಿದ್ದರೆ ಈ ಬಗೆ ಅಗತ್ಯವಿಲ್ಲ ಎಂಬುದನ್ನೂ ನೆನಪಿಡಬೇಕು.

(ಈ) ಪರಿಸ್ಥಿತಿಗೆ ತಕ್ಕ ಸಾಧನ. 2020ರಲ್ಲಿ ಶಾಲೆಗಳು ಮುಚ್ಚಿದಾಗ ತರಗತಿಯ ವೀಕ್ಷಣೆಯೂ ಇಲ್ಲ, ಪರೀಕ್ಷೆಯೂ ಇಲ್ಲ ಎಂಬ ಸ್ಥಿತಿ ಬಂತು. ಬಾಲಸಖಿಯಿಂದ ಬೆಳೆದ ಇದೇ ಮಟ್ಟಾಧಾರಿತ ವಿಧಾನವನ್ನು ಬಳಸುತ್ತಿದ್ದ ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ ಸುಮಾರು 4,500 ಕುಟುಂಬಗಳನ್ನು ದೂರವಾಣಿಯ ಮೂಲಕವೇ ತಲುಪಿದರು. ಕೆಲವರಿಗೆ ಮೊಬೈಲ್ ಸಂದೇಶದಲ್ಲಿ ಲೆಕ್ಕಗಳನ್ನು ಮಾತ್ರ ಕಳಿಸಿದರು. ಕೆಲವರಿಗೆ ಸಂದೇಶದ ಜೊತೆಗೆ ವಾರಕ್ಕೊಮ್ಮೆ ಸುಮಾರು 20 ನಿಮಿಷದ ಕರೆ ಮಾಡಿದರು. ಪರೀಕ್ಷೆಯನ್ನೂ ಕರೆಯಲ್ಲೇ ನಡೆಸಿದರು. ಸಂದೇಶವಷ್ಟೇ ಹೋದ ಕಡೆ ಗಮನಾರ್ಹ ಲಾಭ ಕಾಣಲಿಲ್ಲ, ಕರೆಯೂ ಸೇರಿದ ಕಡೆ 0.12 ಮಾನಕ ವಿಚಲನೆಯಷ್ಟು ಲಾಭವಾಯಿತು. ಸಾಧನ ಪೂರ್ತಿ ಬದಲಾಯಿತು, ಹೋಲಿಕೆಯ ಶಿಸ್ತು ಬದಲಾಗಲಿಲ್ಲ.

ಅಂತರರಾಷ್ಟ್ರೀಯ ಮಾನದಂಡಗಳೂ ಇದೇ ಹಾದಿಯಲ್ಲಿವೆ. ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯ ಅಭಿವೃದ್ಧಿ ನೆರವು ಸಮಿತಿ 1991ರಲ್ಲಿ ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಸುಸ್ಥಿರತೆ ಎಂಬ ಐದು ಮಾನದಂಡಗಳನ್ನು ಕೊಟ್ಟಿತ್ತು. 2019ರ ಪರಿಷ್ಕರಣೆಯಲ್ಲಿ ಆರನೆಯದಾಗಿ ಸುಸಂಗತತೆ ಸೇರಿತು: ಈ ಕಾರ್ಯಕ್ರಮ ಅದೇ ಜಾಗದಲ್ಲಿ ನಡೆಯುತ್ತಿರುವ ಬೇರೆ ಕೆಲಸಗಳೊಂದಿಗೆ ಹೊಂದುತ್ತದೆಯೇ? ಪಠ್ಯ ಮುಗಿಸುವ ಒತ್ತಡದ ಎದುರು ಸೋತ ಓದಿನ ಕಾರ್ಯಕ್ರಮವನ್ನು ಕಂಡವರಿಗೆ ಈ ಪ್ರಶ್ನೆಯ ಬೆಲೆ ಹೇಳಬೇಕಿಲ್ಲ.

5. ಏನು ಬದಲಾಗಬಾರದು?

ಇಲ್ಲೊಂದು ಅಪಾಯವಿದೆ. ‘ಕಾರ್ಯಕ್ರಮ ಬದಲಾಗುತ್ತಲೇ ಇರುತ್ತದೆ’ ಎಂದು ಒಪ್ಪಿಕೊಂಡರೆ ಯಾವ ಫಲಿತಾಂಶವನ್ನಾದರೂ ಯಶಸ್ಸು ಎಂದು ಕರೆಯಲು ದಾರಿಯಾಗುತ್ತದೆ. ಓದು ಸುಧಾರಿಸಲಿಲ್ಲವೇ? ಹಾಗಾದರೆ ಉದ್ದೇಶ ಆತ್ಮವಿಶ್ವಾಸ ಬೆಳೆಸುವುದಾಗಿತ್ತು ಎನ್ನಬಹುದು. ಬಾಣ ಬಿದ್ದ ಜಾಗಕ್ಕೆ ಗುರಿಯನ್ನು ಒಯ್ದು ನೆಟ್ಟಂತೆ ಇದು. ಆದ್ದರಿಂದ ವಿಧಾನ ಬದಲಾಗಬಹುದು, ವೇಳಾಪಟ್ಟಿ ಬದಲಾಗಬಹುದು, ಸಾಧನವೂ ಬದಲಾಗಬಹುದು. ಆದರೆ ಆರಂಭದಲ್ಲಿ ಕೇಳಿದ ಪ್ರಶ್ನೆ ದಾಖಲೆಯಲ್ಲಿ ಹಾಗೆಯೇ ಉಳಿಯಬೇಕು. ಉದ್ದೇಶ ಬದಲಿಸಲೇಬೇಕಾಗಿ ಬಂದರೆ ಯಾವ ದಿನ, ಏಕೆ ಬದಲಿಸಿದೆವೆಂದು ಬರೆದಿಡಬೇಕು. ಬಾಲಸಖಿಯಿಂದ ಶಿಬಿರದವರೆಗೆ ಐದು ರೂಪಗಳು ಬಂದರೂ ‘ಮಗು ಓದುತ್ತಿದೆಯೇ?’ ಎಂಬ ಪ್ರಶ್ನೆ ಒಂದೇ ಆಗಿತ್ತು. ಹಾಗಾಗಿಯೇ ಒಂದು ರೂಪದ ಸೋಲು ಮುಂದಿನ ರೂಪಕ್ಕೆ ದಾರಿ ತೋರಿತು.

ಎರಡನೆಯದಾಗಿ, ಅಹಿತವಾದ ಫಲಿತಾಂಶವನ್ನು ಮುಚ್ಚಿಡಬಾರದು. ಹರಿಯಾಣದ ಅದೇ ಅಧ್ಯಯನದಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನೂ ಪರೀಕ್ಷಿಸಲಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಕೇಳಿದ, ನಾವೆಲ್ಲರೂ ಬಿ.ಇಡಿ. ತರಗತಿಯಲ್ಲಿ ಬೋಧಿಸುವ ಪದ್ಧತಿ ಅದು. ಶಿಕ್ಷಕರಿಗೆ ಆ ಪದ್ಧತಿಯಲ್ಲಿ ತರಬೇತಿ ನೀಡಿದ ಶಾಲೆಗಳಲ್ಲಿ ಮಕ್ಕಳ ಅಂಕಗಳ ಮೇಲೆ ಯಾವ ಪರಿಣಾಮವೂ ಕಾಣಲಿಲ್ಲ. ಪದ್ಧತಿ ತಪ್ಪೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಅಳೆದ ಮೇಲೆ ಮಗುವಿನ ಮಟ್ಟಕ್ಕೆ ತಕ್ಕಂತೆ ಬೋಧನೆ ಬದಲಾಗದಿದ್ದರೆ ಎಷ್ಟು ಬಾರಿ ಅಳೆದರೂ ಫಲವಿಲ್ಲ ಎಂಬ ಎಚ್ಚರಿಕೆಯಾಗಿ ಇದನ್ನು ಓದಿಕೊಳ್ಳಬಹುದು.

6. ಬೋಧನಾಭ್ಯಾಸಕ್ಕೆ ಅಳವಡಿಕೆ

ನಾಲ್ಕು ವಾರಗಳ ಪರಿಹಾರ ಬೋಧನೆಗೆ ಈ ಕೆಳಗಿನ ಕ್ರಮ ಸಾಕಾಗುತ್ತದೆ. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ, ಒಂದು ನೋಟ್‌ಪುಸ್ತಕ ಸಾಕು.

1. ಮೊದಲ ದಿನ ಒಂದೇ ಪ್ರಶ್ನೆಯನ್ನು ಬರೆದು ಮಾರ್ಗದರ್ಶಕ ಉಪನ್ಯಾಸಕರ ಸಹಿ ಪಡೆಯಬೇಕು. ಉದಾಹರಣೆಗೆ: ‘ಅಕ್ಷರ ಮಟ್ಟದ ಮಕ್ಕಳಲ್ಲಿ ಎಷ್ಟು ಮಂದಿ ಪದ ಮಟ್ಟಕ್ಕೆ ಬರುತ್ತಾರೆ?’

2. ಆರಂಭದಲ್ಲೂ ಕೊನೆಯಲ್ಲೂ ಒಂದೇ ಬಗೆಯ ಸಾಧನ ಬಳಸಬೇಕು. 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯಂತೆ ಅಕ್ಷರ, ಪದ, ವಾಕ್ಯವೃಂದ, ಕಥೆ ಎಂಬ ಮಟ್ಟಗಳು ಸಾಕು. ಪಠ್ಯ ಬೇರೆಯಾಗಿರಲಿ, ಕಷ್ಟ ಒಂದೇ ಇರಲಿ.

3. ಸಾಧ್ಯವಾದರೆ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಮೊದಲ ಗುಂಪಿಗೆ ಮೊದಲ ಎರಡು ವಾರ, ಎರಡನೆಯ ಗುಂಪಿಗೆ ಮುಂದಿನ ಎರಡು ವಾರ ಬೋಧನೆ. ಎರಡನೆಯ ವಾರದ ಕೊನೆಗೆ ಎರಡೂ ಗುಂಪುಗಳನ್ನು ಪರೀಕ್ಷಿಸಿದರೆ ಹೋಲಿಕೆ ಸಿಗುತ್ತದೆ, ಯಾರಿಗೂ ಅನ್ಯಾಯವಾಗುವುದಿಲ್ಲ.

4. ಪ್ರತಿದಿನ ‘ಬದಲಾವಣೆಯ ದಿನಚರಿ’ ಬರೆಯಬೇಕು. ನಾಲ್ಕು ಅಂಕಣಗಳು: ಯೋಜಿಸಿದ್ದು, ನಡೆದದ್ದು, ಬದಲಾಗಲು ಕಾರಣ, ಗೈರಾದ ಮಕ್ಕಳು.

5. ವಿಧಾನವನ್ನು ದಿನಕ್ಕೊಂದು ಬಗೆಯಲ್ಲಿ ಬದಲಿಸದೆ, ವಾರದ ಕೊನೆಯಲ್ಲಿ ದಿನಚರಿ ನೋಡಿ ನಿರ್ಧರಿಸಬೇಕು. ಹಾಗೆ ಮಾಡದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯದು.

6. ಸರಾಸರಿಯ ಬದಲು ಪ್ರತಿ ಮಗುವಿನ ಚಲನೆಯನ್ನು ತೋರಿಸಬೇಕು.

7. ಸಾಧ್ಯವಿದ್ದರೆ ಒಂದು ತಿಂಗಳ ನಂತರ ಮತ್ತೊಮ್ಮೆ ನೋಡಬೇಕು.

ಒಂದು ಕಲ್ಪಿತ ಉದಾಹರಣೆಯಿಂದ ಆರನೆಯ ಅಂಶವನ್ನು ಸ್ಪಷ್ಟಪಡಿಸಿಕೊಳ್ಳೋಣ. 12 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಅಕ್ಷರ ಮಟ್ಟಕ್ಕೆ 1, ಪದಕ್ಕೆ 2, ವಾಕ್ಯವೃಂದಕ್ಕೆ 3, ಕಥೆಗೆ 4 ಅಂಕ. ಆರಂಭದಲ್ಲಿ ಐವರು ಅಕ್ಷರ ಮಟ್ಟದಲ್ಲಿ, ನಾಲ್ವರು ಪದ ಮಟ್ಟದಲ್ಲಿ, ಮೂವರು ವಾಕ್ಯವೃಂದ ಮಟ್ಟದಲ್ಲಿ ಇದ್ದಾರೆ. ಒಟ್ಟು 22 ಅಂಕ, ಸರಾಸರಿ 1.83. ಕೊನೆಯಲ್ಲಿ ಪದ ಮಟ್ಟದ ನಾಲ್ವರೂ ವಾಕ್ಯವೃಂದಕ್ಕೆ, ವಾಕ್ಯವೃಂದದ ಮೂವರೂ ಕಥೆಗೆ ಏರಿದ್ದಾರೆ. ಅಕ್ಷರ ಮಟ್ಟದ ಐವರಲ್ಲಿ ಒಬ್ಬರು ಮಾತ್ರ ಪದಕ್ಕೆ ಬಂದಿದ್ದಾರೆ. ಒಟ್ಟು 30 ಅಂಕ, ಸರಾಸರಿ 2.5.

ಸರಾಸರಿ ನೋಡಿದರೆ ಕಾರ್ಯಕ್ರಮ ಪರಿಣಾಮಕಾರಿ. ಆದರೆ ಯಾರಿಗಾಗಿ ಕಾರ್ಯಕ್ರಮ ಹುಟ್ಟಿತೋ ಆ ಐವರಲ್ಲಿ ನಾಲ್ವರು ಇದ್ದಲ್ಲೇ ಇದ್ದಾರೆ. ಇನ್ನು ದಿನಚರಿ ತೆರೆಯೋಣ: ಎರಡನೆಯ ವಾರ ತರಗತಿಯನ್ನು ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆಗೆ ಬದಲಿಸಲಾಗಿದೆ. ಆ ನಾಲ್ವರು ದೂರದ ತಾಂಡಾದಿಂದ ಬರುವವರು. ಅವರ ಬಸ್ಸು ಬರುವುದೇ ಪ್ರಾರ್ಥನೆಯ ಹೊತ್ತಿಗೆ. ಗೈರುಹಾಜರಿಯ ಅಂಕಣದಲ್ಲಿ ಮೂರು ವಾರ ಅವರ ಹೆಸರೇ ಇದೆ. ಹಾಗಾದರೆ ಬದಲಿಸಬೇಕಾದದ್ದು ಬೋಧನಾ ವಿಧಾನವನ್ನಲ್ಲ, ವೇಳೆಯನ್ನು. ಜೌನ್‌ಪುರದ 280 ಹಳ್ಳಿಗಳಲ್ಲಿ ಕಂಡ ಸಂಗತಿಯೇ ಇಲ್ಲಿ 12 ಮಕ್ಕಳ ಗುಂಪಿನಲ್ಲೂ ಕಾಣುತ್ತದೆ. ದಿನಚರಿ ಇಲ್ಲದಿದ್ದರೆ ‘ನಿಧಾನ ಕಲಿಕೆಯ ಮಕ್ಕಳು’ ಎಂಬ ಹಣೆಪಟ್ಟಿ ಆ ನಾಲ್ವರಿಗೆ ಅಂಟಿಕೊಳ್ಳುತ್ತಿತ್ತು.

7. ಶಿಕ್ಷಕ-ಶಿಕ್ಷಕರಿಗೆ ಒಂದು ಮಾತು

ಪ್ರಶಿಕ್ಷಣಾರ್ಥಿಗಳು ‘ಪರಿಣಾಮಕಾರಿಯಾಗಿದೆ’ ಎಂದೇ ಬರೆಯುವುದಕ್ಕೆ ಬಹುಮಟ್ಟಿಗೆ ನಾವೇ ಕಾರಣರು. ಅಂಕ ಕೊಡುವಾಗ ನಾವು ನೋಡುವುದು ಉತ್ತರ ಪರೀಕ್ಷೆಯ ಸ್ತಂಭಾಲೇಖ ಎಷ್ಟು ಎತ್ತರವಾಗಿದೆ ಎಂಬುದನ್ನು. ಏನೂ ಬದಲಾಗಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದ ವರದಿಗೆ ಕಡಿಮೆ ಅಂಕ ಬಂದರೆ ಮರುವರ್ಷ ಯಾರೂ ಹಾಗೆ ಬರೆಯುವುದಿಲ್ಲ. ಅದರ ಬದಲು, ದಿನಚರಿ ಪೂರ್ಣವಾಗಿದೆಯೇ, ಪ್ರತಿ ಮಗುವಿನ ಚಲನೆ ತೋರಿಸಿದೆಯೇ, ಫಲಿಸದೇ ಇದ್ದದ್ದಕ್ಕೆ ಕಾರಣ ಹುಡುಕಿದೆಯೇ, ಮುಂದೆ ಬರುವ ಪ್ರಶಿಕ್ಷಣಾರ್ಥಿಗೆ ಒಂದಾದರೂ ಉಪಯುಕ್ತ ಸಲಹೆ ಇದೆಯೇ ಎಂಬ ನಾಲ್ಕು ಅಂಶಗಳಿಗೆ ಅಂಕ ನಿಗದಿಪಡಿಸಬಹುದು. ಹಳೆಯ ವರದಿಗಳನ್ನು ಅಟ್ಟದ ಮೇಲಿಡದೆ ಅದೇ ಶಾಲೆಗೆ ಹೋಗುವ ಮುಂದಿನ ತಂಡದ ಕೈಗೆ ಕೊಟ್ಟರೆ, ಬೋಧನಾಭ್ಯಾಸದ ಪ್ರತಿ ವರ್ಷವೂ ಒಂದು ಕಾರ್ಯಕ್ರಮದ ಮುಂದಿನ ರೂಪವಾಗುತ್ತದೆ.

ಸಾರಾಂಶ

ಕಾರ್ಯಕ್ರಮ ಮೌಲ್ಯಮಾಪನ ಕೊನೆಯ ತೀರ್ಪಿನಿಂದ ಆರಂಭವಾಗಿ ಕಾರಣ, ಸಂದರ್ಭ ಮತ್ತು ಪ್ರಕ್ರಿಯೆಗಳ ಅಧ್ಯಯನದ ಕಡೆಗೆ ಸಾಗಿದೆ. ಬದಲಾಗುವ ಕಾರ್ಯಕ್ರಮದ ಜೊತೆಗೆ ಸಾಗುವುದನ್ನೂ ಪರಿಸ್ಥಿತಿಗೆ ತಕ್ಕ ಸಾಧನ ಬಳಸುವುದನ್ನೂ ಅದು ಕಲಿತಿದೆ. ಆರಂಭದ ಪ್ರಶ್ನೆ, ಹೋಲಿಕೆಯ ಶಿಸ್ತು, ಅಹಿತವಾದುದನ್ನೂ ಬರೆಯುವ ಪ್ರಾಮಾಣಿಕತೆ, ಈ ಮೂರನ್ನು ಮಾತ್ರ ಅದು ಬಿಟ್ಟುಕೊಡುವಂತಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳ ನಾಲ್ಕು ವಾರದ ವರದಿಗೂ ಇದೇ ನಿಯಮ ಅನ್ವಯಿಸುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಬಾಲಸಖಿಯ ಬಳಿ ಹೋಗದೆ ತರಗತಿಯಲ್ಲೇ ಉಳಿದ ಮಕ್ಕಳನ್ನೂ ಪರೀಕ್ಷಿಸಿದ್ದರಿಂದ ಯಾವ ಹೊಸ ಅರಿವು ದೊರೆಯಿತು?
2. ಬಿಹಾರದ ಬೇಸಿಗೆ ಶಿಬಿರದ ಫಲಿತಾಂಶ ಇಲ್ಲದಿದ್ದರೆ ಶಾಲಾ ವರ್ಷದ ವೈಫಲ್ಯಕ್ಕೆ ನಾವು ಯಾರನ್ನು ಹೊಣೆ ಮಾಡುತ್ತಿದ್ದೆವು?
3. ನಿಮ್ಮ ಅಭ್ಯಾಸ ಶಾಲೆಯಲ್ಲಿ ಯಾವ ಬೇರೆ ಕೆಲಸಗಳು ನಿಮ್ಮ ಪರಿಹಾರ ಬೋಧನೆಯ ಸಮಯವನ್ನು ತೆಗೆದುಕೊಂಡವು? ಅವನ್ನು ವರದಿಯಲ್ಲಿ ಎಲ್ಲಿ ದಾಖಲಿಸುವಿರಿ?
4. ಕಳೆದ ವರ್ಷದ ಒಂದು ವರದಿಯನ್ನು ತೆಗೆದುಕೊಂಡು, ಅದರ ಸರಾಸರಿಯಲ್ಲಿ ಮರೆಯಾಗಿರುವ ಮಕ್ಕಳನ್ನು ಗುರುತಿಸಿ.